ಏರಿ ಒಬ್ಬರದು, ಅಪಾಯ ಊರಿನದು

(ದಾವಣಗೆರೆಯ ಕೆ.ಬಿ. ಬಡಾವಣೆಯ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿ ಕೆಲಸಗಾರರೂ ಚಿಲ್ಲರೆ ಅಂಗಡಿಯವರೂ ಕೂಡಿರುವ ಸಭೆಯಲ್ಲಿ ಕೂಲಿಯ ಮಾತು, ತೆರಿಗೆಯ ಮಾತು ಬಿಟ್ಟು ಮಣ್ಣಿನ ಏರಿಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮಲ್ಲಿ ಬಹುಮಂದಿಯ ಬೇರು ಹಳ್ಳಿಯಲ್ಲಿದೆ. ಜಗಳೂರು, ಚನ್ನಗಿರಿ, ಹೊನ್ನಾಳಿಯ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಇಲ್ಲಿ ನೆಲೆಸಿದವರು ನಾವು. ಅಲ್ಲಿ ಇನ್ನೂ ಅಪ್ಪ ಅವ್ವ ಇದ್ದಾರೆ, ಅಣ್ಣತಮ್ಮಂದಿರಿದ್ದಾರೆ. ಜಮೀನಿಲ್ಲದವನ ಗುಡಿಸಲು ಊರಿನಲ್ಲಿ ಎಲ್ಲಿರುತ್ತದೆ? ಬೇರೆ ಯಾರಿಗೂ ಬೇಡವಾದ ಹಳ್ಳದ ದಂಡೆಯಲ್ಲಿ. ಆ ಹಳ್ಳಕ್ಕೆ ಮೇಲುಗಡೆ ಯಾರೋ ಒಬ್ಬರು ತಮ್ಮ ಜಮೀನಿನಲ್ಲಿ ಮಣ್ಣಿನ ಒಡ್ಡು ಹಾಕಿ ತೋಟಕ್ಕೆ ನೀರು ನಿಲ್ಲಿಸಿಕೊಂಡಿದ್ದರೆ, ಕೆಳಗಿನವನ ನಿದ್ದೆ ಆ ಒಡ್ಡಿನ ಮೇಲೆ ನಿಂತಿದೆ.

ಭದ್ರೆ, ತುಂಗಭದ್ರೆಯ ದೊಡ್ಡ ಅಣೆಕಟ್ಟುಗಳ ವಿಷಯ ಇಲ್ಲಿ ಬೇಡ. ಅವಕ್ಕೆ ಎಂಜಿನಿಯರುಗಳಿದ್ದಾರೆ, ಕಚೇರಿಗಳಿವೆ. ಹಗಲು ರಾತ್ರಿ ನೀರಿನ ಮಟ್ಟ ಬರೆದಿಡುವವರಿದ್ದಾರೆ. ನಾವು ಹೇಳುತ್ತಿರುವುದು ಎರಡಾಳು, ಮೂರಾಳು ಎತ್ತರದ ಖಾಸಗಿ ಏರಿಯ ಮಾತು. ಚಿಕ್ಕದು ಎಂದು ತಾತ್ಸಾರ ಮಾಡುವ ಮೊದಲು ಒಂದು ಲೆಕ್ಕ ನೋಡೋಣ. ನೂರು ಮೀಟರ್ ಉದ್ದ, ನೂರು ಮೀಟರ್ ಅಗಲ, ಸರಾಸರಿ ಮೂರು ಮೀಟರ್ ಆಳ ನೀರು ನಿಂತರೆ 30,000 ಘನ ಮೀಟರ್ ಆಗುತ್ತದೆ. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. ಹತ್ತು ಟನ್ ಹೊರುವ ಲಾರಿಗಳಾದರೆ 3,000 ಲಾರಿ ಬೇಕು. ಇಷ್ಟು ಭಾರ ಒಂದು ರಾತ್ರಿ ಹಳ್ಳಕ್ಕೆ ಬಿದ್ದರೆ ಗುಡಿಸಲಿನ ಗತಿಯೇನು?

ಗಿರಣಿಯಲ್ಲಿ ಕೆಲಸ ಮಾಡಿದವರಿಗೆ ಬಾಯ್ಲರು ಗೊತ್ತು. ಅದಕ್ಕೆ ಸೇಫ್ಟಿ ವಾಲ್ವ್ ಇರುತ್ತದೆ. ಒತ್ತಡ ಮೀರಿದರೆ ಉಗಿ ತಾನಾಗಿ ಹೊರಬೀಳುತ್ತದೆ. ಹೆಚ್ಚು ಉಗಿ ಸಿಗಲೆಂದು ಆ ವಾಲ್ವಿನ ಮೇಲೆ ಕಲ್ಲು ಹೇರುವವನನ್ನು ನಾವು ಕೊಲೆಗಡುಕ ಎನ್ನುತ್ತೇವೆ. ಏರಿಗೆ ಕೋಡಿಯೇ ಸೇಫ್ಟಿ ವಾಲ್ವ್. ಕಲ್ಲಿನ ಕಟ್ಟೆಯ ಮೇಲೆ ನೀರು ಹರಿದರೆ ಅದು ಸ್ವಲ್ಪ ಹೊತ್ತಾದರೂ ತಡೆದೀತು. ಮಣ್ಣಿನ ಏರಿ ತಡೆಯುವುದಿಲ್ಲ. ನೆತ್ತಿಯಿಂದ ಇಳಿದ ನೀರು ಹಿಂಬದಿಯ ಮಣ್ಣನ್ನು ಕೊರೆದು ಕೊರಕಲು ಮಾಡುತ್ತದೆ, ಕೊರಕಲು ಮೇಲಕ್ಕೆ ಹತ್ತುತ್ತದೆ, ಕೊನೆಗೆ ಬಾಯಿ ಬಿಡುತ್ತದೆ. ಹೀಗಿದ್ದೂ ಇನ್ನೊಂದು ಅಡಿ ನೀರು ನಿಲ್ಲಲೆಂದು ಕೋಡಿಗೆ ಮರಳಿನ ಚೀಲ ಜೋಡಿಸುವುದು, ಮೀನು ಹೋಗದಿರಲೆಂದು ಬಲೆ ಕಟ್ಟುವುದು ಬುದ್ಧಿವಂತಿಕೆ ಎನ್ನಿಸಿಕೊಳ್ಳುತ್ತದೆ!

ಎರಡನೆಯ ಶತ್ರು ಒಳಗಿನದು. ಏರಿಯ ಹಿಂಬದಿಯಲ್ಲಿ ತಿಳಿನೀರು ಒಸರುವುದು ಹಳೆಯ ಕೆರೆಗಳಲ್ಲಿ ಸಾಮಾನ್ಯ. ಆದರೂ ಹೆಚ್ಚುತ್ತಿದೆಯೇ ಎಂದು ಕಣ್ಣಿಟ್ಟಿರಬೇಕು. ಒಸರುವ ನೀರು ಕದಡಿ ಬಂದರೆ ಮಾತ್ರ ತಡಮಾಡುವಂತಿಲ್ಲ. ಏರಿಯ ಹೊಟ್ಟೆಯೊಳಗಿನ ಮಣ್ಣೇ ಹೊರಟಿದೆ ಎಂದರ್ಥ. ಜಾಲಿಯ ಬೇರು ಕೊಳೆತ ಜಾಗ, ಇಲಿ ಹೆಗ್ಗಣಗಳ ಬಿಲ, ಸುತ್ತಲೂ ಸರಿಯಾಗಿ ದಮ್ಮಸು ಮಾಡದೆ ಹೂತ ಕೊಳವೆ, ಇವೆಲ್ಲ ನೀರಿಗೆ ದಾರಿ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸರ್ಕಾರದ ಸಣ್ಣ ಮಣ್ಣಿನ ಅಣೆಕಟ್ಟು ಒಡೆದು ಇಪ್ಪತ್ತರಷ್ಟು ಜನ ಸತ್ತರು. ಸೋರಿಕೆಯ ಬಗ್ಗೆ ಊರವರು ಮೊದಲೇ ದೂರಿದ್ದರು. ಮಂತ್ರಿಗಳು ಮಾತ್ರ ಅಪರಾಧವನ್ನು ಏಡಿಗಳ ಮೇಲೆ ಹೊರಿಸಿದರು. ಏಡಿ ಬಿಲ ತೋಡುವುದು ನಿಜ. ಬಿಲ ಮುಚ್ಚಿಸುವುದು ಏಡಿಯ ಕೆಲಸವಲ್ಲವಷ್ಟೆ.

ಖಾಸಗಿ ಏರಿಯ ಕಥೆಗಳಲ್ಲಿ ಕಾರ್ಮಿಕರು ಮರೆಯಬಾರದ ಕಥೆ ಅಮೆರಿಕದ್ದು. ಪೆನ್ಸಿಲ್ವೇನಿಯಾ ಸಂಸ್ಥಾನದ ಜಾನ್ಸ್‌ಟೌನ್ ನಮ್ಮ ದಾವಣಗೆರೆಯಂತೆ ಗಿರಣಿಗಳ ಊರು, ಹತ್ತಿಯದಲ್ಲ, ಉಕ್ಕಿನದು. ಅದಕ್ಕೆ 14 ಮೈಲಿ ಮೇಲೆ ಸೌತ್ ಫೋರ್ಕ್ ಎಂಬಲ್ಲಿ 72 ಅಡಿ ಎತ್ತರದ ಮಣ್ಣಿನ ಏರಿ. ಸರ್ಕಾರ ಕಟ್ಟಿಸಿದ್ದ ಅದು ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಪಿಟ್ಸ್‌ಬರ್ಗಿನ ಕೋಟ್ಯಧೀಶರ ವಿಹಾರದ ಕ್ಲಬ್ಬಿನ ಪಾಲಾಯಿತು. ಕಾರ್ನೆಗಿ, ಫ್ರಿಕ್ ಎಂಬ ಉಕ್ಕಿನ ದೊರೆಗಳೂ ಅದರ ಸದಸ್ಯರು. ನೀರು ಇಳಿಸುವ ತಳದ ಕೊಳವೆಗಳನ್ನು ಹಿಂದಿನ ಮಾಲೀಕನೊಬ್ಬ ಕಿತ್ತು ಮಾರಿದ್ದ. ಕ್ಲಬ್ಬು ಹೊಸದನ್ನು ಹಾಕಿಸಲಿಲ್ಲ. ಸಾರೋಟುಗಳು ಎದುರುಬದುರು ಓಡಾಡಲೆಂದು ಏರಿಯ ನೆತ್ತಿಯನ್ನು ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹೊಡೆದರು. ಕೆಳಗಿನ ಉಕ್ಕಿನ ಕಂಪನಿ 1880ರಲ್ಲಿ ತನ್ನ ಎಂಜಿನಿಯರನನ್ನು ಕಳಿಸಿ ನೋಡಿಸಿ ಎಚ್ಚರಿಸಿತು. ನಿಮಗೇನೂ ಅಪಾಯವಿಲ್ಲ ಎಂದು ಕ್ಲಬ್ಬಿನವರು ಉತ್ತರ ಬರೆದರು. 1889ರ ಮೇ 31ರಂದು ಮಳೆ ಸುರಿಯಿತು, ಜಾಲರಿಗೆ ಕಸ ಕಟ್ಟಿಕೊಂಡಿತು, ನೀರು ಏರಿಯ ಮೇಲೆ ಹರಿಯಿತು. ಸತ್ತವರು 2,209 ಮಂದಿ. ಕ್ಲಬ್ಬಿನಿಂದ ಒಂದು ಕಾಸಿನ ಪರಿಹಾರವನ್ನೂ ಯಾವ ಕೋರ್ಟೂ ಕೊಡಿಸಲಿಲ್ಲ.

ಹಳೆಯ ಕಾಲದ ಮಾತು ಎನ್ನಬೇಡಿ. 2018ರ ಮೇ 9ರ ರಾತ್ರಿ ಆಫ್ರಿಕದ ಕೀನ್ಯಾದಲ್ಲಿ, ಸೊಲೈ ಎಂಬಲ್ಲಿ, ಒಂದು ಖಾಸಗಿ ತೋಟದ ಮಣ್ಣಿನ ಅಣೆ ಒಡೆದು ಕನಿಷ್ಠ 47 ಜನ ಸತ್ತರು.

ಇನ್ನು ನಮ್ಮ ಪಕ್ಕದ ಹರಿಹರಕ್ಕೆ ಬರೋಣ. ಸೂಳೆಕೆರೆಯಿಂದ ಹೊರಟು ತುಂಗಭದ್ರೆ ಸೇರುವ ಹರಿದ್ರಾ ಹಳ್ಳಕ್ಕೆ 1410ರಲ್ಲಿ ಒಂದು ಅಣೆ ಕಟ್ಟಿದರೆಂದು ಅಲ್ಲಿನ ಶಾಸನ ಹೇಳುತ್ತದೆ. ಕಟ್ಟಿದ್ದು ಅರಸನಲ್ಲ; ಹರಿಹರದ ಬ್ರಾಹ್ಮಣರೂ ದೇವಸ್ಥಾನವೂ ಕರಾರು ಮಾಡಿಕೊಂಡು ಕಟ್ಟಿದರು. ಕಾಲುವೆಯ ಕೆಳಗಿನ ಜಮೀನಿನಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಬ್ರಾಹ್ಮಣರಿಗೆ. ಖರ್ಚಿನಲ್ಲಿಯೂ ಅದೇ ಪ್ರಮಾಣ. ಆ ಜಮೀನಿನಲ್ಲಿ ಬೆವರು ಸುರಿಸಿದವನ ಪಾಲೆಷ್ಟು ಎಂದು ನಾವು ಕೇಳಬಹುದು, ಅದು ಬೇರೆ ಮಾತು. ನೀರು ಉಂಡವನೇ ಕಟ್ಟೆಯ ಖರ್ಚನ್ನೂ ಹೊರಬೇಕೆಂಬ ನ್ಯಾಯ ಅದರಲ್ಲಿದೆ. ಅಂಥ ಅಣೆಯೂ ಒಡೆಯಿತು. 1424ರಲ್ಲಿ ವಿಜಯನಗರದ ದೇವರಾಯನ ದಂಡನಾಯಕ ಚಾಮನೃಪಾಲನು ಅದನ್ನು ಮತ್ತೆ ಕಟ್ಟಿಸಿದನು. ಮೈಸೂರು ಸೀಮೆಯಲ್ಲಿ ಕೆರೆ ಕಟ್ಟಿದವನಿಗೆ ಕಟ್ಟುಕೊಡಿಗೆ ಎಂದು ಮಾನ್ಯದ ಜಮೀನು ಬಿಡುತ್ತಿದ್ದರು. ಕೆರೆಯನ್ನು ಸುಸ್ಥಿತಿಯಲ್ಲಿ ಇಡಬೇಕೆಂಬುದು ಅದರ ಷರತ್ತು.

ಈಗಿನ ಕಾನೂನು ಏನು ಹೇಳುತ್ತದೆ? ಅಂಗಡಿಯವರ ತಕ್ಕಡಿಗೂ ತೂಕದ ಕಲ್ಲಿಗೂ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳಬೇಕು. ಬಾಯ್ಲರಿಗೆ 1923ರಲ್ಲೇ ಕಾನೂನು ಬಂತು. ಅಣೆಕಟ್ಟುಗಳಿಗೆ ದೇಶಕ್ಕೆಲ್ಲ ಒಂದು ಸುರಕ್ಷಾ ಕಾನೂನು ಬರಲು 2021ರವರೆಗೆ ಕಾಯಬೇಕಾಯಿತು. ಅದೂ 15 ಮೀಟರಿಗಿಂತ ಎತ್ತರದವಕ್ಕೆ. 10ರಿಂದ 15 ಮೀಟರಿನೊಳಗಿನವು ಉದ್ದ, ನೀರಿನ ಪ್ರಮಾಣ ಮೊದಲಾದ ಕೆಲವು ಗುಣ ಇದ್ದರೆ ಮಾತ್ರ ಅದಕ್ಕೆ ಒಳಪಡುತ್ತವೆ. 10 ಮೀಟರಿಗಿಂತ, ಎಂದರೆ ಸುಮಾರು 33 ಅಡಿಗಿಂತ, ಕಡಿಮೆ ಎತ್ತರದ ಏರಿ ಆ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಕಾಲು ಕಿಲೋ ಕಲ್ಲಿಗೆ ಮುದ್ರೆ ಬೇಕು, ಮೂವತ್ತು ಸಾವಿರ ಟನ್ ನೀರಿಗೆ ಬೇಡ!

ಒಡೆದ ಮೇಲೆ ದಾವಾ ಹೂಡಬಹುದಲ್ಲ ಎನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ಗಿರಣಿ ಮಾಲೀಕನೊಬ್ಬನ ಕೊಳದ ನೀರು ನುಗ್ಗಿ ಪಕ್ಕದವನ ಕಲ್ಲಿದ್ದಲ ಗಣಿ ಮುಳುಗಿದಾಗ, ತಪ್ಪು ಯಾರದೇ ಇರಲಿ, ನೀರು ಕೂಡಿಟ್ಟವನೇ ನಷ್ಟ ಕೊಡಬೇಕೆಂದು 1868ರಲ್ಲಿ ತೀರ್ಪಾಯಿತು. ನಮ್ಮ ದೇಶದ ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಒಡೆದು ಮದರಾಸು ರೈಲ್ವೆ ಕಂಪನಿಯ ಹಳಿ ಕೊಚ್ಚಿಹೋದಾಗ ಪ್ರಿವಿ ಕೌನ್ಸಿಲ್ 1874ರಲ್ಲಿ ಬೇರೆಯಾಗಿ ಹೇಳಿತು. ಈ ದೇಶಕ್ಕೆ ಕೆರೆ ಬೇಕೇ ಬೇಕು, ಅದನ್ನು ಉಳಿಸಿಕೊಳ್ಳುವುದು ಜಮೀನ್ದಾರನ ಕರ್ತವ್ಯ. ಆದ್ದರಿಂದ ಅವನ ಅಲಕ್ಷ್ಯವನ್ನು ತೋರಿಸದೆ ನಷ್ಟ ಸಿಗದು ಎಂದಿತು. ರೈಲ್ವೆ ಕಂಪನಿಯೇ ಸೋತ ಕಡೆ ಹಳ್ಳದ ದಂಡೆಯ ಕೂಲಿಯವನು ಅಲಕ್ಷ್ಯವನ್ನು ಎಲ್ಲಿಂದ ಹುಡುಕಿ ತರಬೇಕು? ಸಾಕ್ಷಿಯೆಲ್ಲ ಏರಿಯ ಜೊತೆಯಲ್ಲೇ ಕೊಚ್ಚಿಹೋಗಿರುತ್ತದೆ.

ಸಣ್ಣ ಏರಿಗಳನ್ನೂ ತಾಲ್ಲೂಕಿಗೊಂದು ಪಟ್ಟಿ ಮಾಡಿ, ಮಳೆಗಾಲಕ್ಕೆ ಮುಂಚೆ ಎಂಜಿನಿಯರು ನೋಡಿ, ಖರ್ಚನ್ನು ಮಾಲೀಕನಿಂದ ವಸೂಲು ಮಾಡಬೇಕೆಂಬುದು ನಮ್ಮ ಬೇಡಿಕೆ. ಒಡ್ಡು ಹಾಕುವ ರೈತ ನಮ್ಮ ವೈರಿಯಲ್ಲ. ಮಳೆ ಕೈಕೊಟ್ಟ ಜಗಳೂರು ಸೀಮೆಯಲ್ಲಿ ನೀರು ನಿಲ್ಲಿಸುವವನಿಗೆ ಕೈ ಮುಗಿಯಬೇಕು. ಸಣ್ಣ ಹಿಡುವಳಿಯವನಿಗೆ ಕೋಡಿ ಕಟ್ಟಿಸಲು ಸರ್ಕಾರ ಸಾಲವನ್ನಾದರೂ ಕೊಡಲಿ.

ಕಾನೂನು ಬರುವತನಕ ಕೈಕಟ್ಟಿ ಕೂರುವುದು ಬೇಡ. ಮುಂಗಾರಿಗೆ ಮುಂಚೆ ಊರಿಗೆ ಹೋದಾಗ ಮಾಲೀಕನನ್ನೇ ಕರೆದುಕೊಂಡು ಏರಿಯ ಮೇಲೆ ಒಮ್ಮೆ ನಡೆಯಿರಿ. ಕೋಡಿ ತೆರೆದಿದೆಯೇ, ನೆತ್ತಿ ಎಲ್ಲಾದರೂ ಕುಸಿದಿದೆಯೇ, ಹಿಂಬದಿಯಲ್ಲಿ ಕದಡಿದ ನೀರು ಇದೆಯೇ ನೋಡಿ. ಕೆಡುಕು ಕಂಡರೆ ತಾರೀಖು ಹಾಕಿ ಅರ್ಜಿ ಬರೆಯಿರಿ. ಒಂದು ಮಾಲೀಕನಿಗೆ, ಒಂದು ಗ್ರಾಮ ಪಂಚಾಯಿತಿಗೆ, ಒಂದು ತಹಸೀಲ್ದಾರರಿಗೆ, ಒಂದು ಜಿಲ್ಲಾಧಿಕಾರಿಗಳಿಗೆ. 2005ರ ಕಾನೂನಿನ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಅರ್ಜಿ ಮುಟ್ಟಿದ ಮೇಲೆ ನನಗೆ ತಿಳಿದಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕಚೇರಿಯಿಂದ ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ. ಅದನ್ನು ಏರಿಯ ಕೆಳಗಿನ ಮನೆಯಲ್ಲಿ ಇಡಬೇಡಿ, ಇಲ್ಲಿ ತಂದಿಟ್ಟುಕೊಳ್ಳಿ.