ಬಾಸ್ ಕೇಳಿಸದ ಆಲ್ಬಮ್ಮಿನ ಪರವಾಗಿ



ಪಿಯುಸಿ ಓದಿ ಪ್ರೆಸ್ ಇಟ್ಟುಕೊಂಡವನು ಮೆಟಾಲಿಕಾ ಬಗ್ಗೆ ಏನು ಮಾತಾಡ್ತಾನೆ ಅಂತ ನಗಬೇಡಿ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ನಾನೂ ನನ್ನ ಪಾಲುದಾರನೂ ಹೋಗಿದ್ದೆವು. 2011ರ ಅಕ್ಟೋಬರ್ 30ರಂದು ಅಲ್ಲೇ ಮೆಟಾಲಿಕಾ ನುಡಿಸಿದಾಗ ನಾನೊಬ್ಬನೇ ಹೋದೆ. ಅವನು ತೀರಿಕೊಂಡಿದ್ದ.

ಯಾವ ಕಾರ್ಯಕ್ರಮ ದೊಡ್ಡದು? ಮೇಡನ್‌ದೇ. ಅದರಲ್ಲಿ ಮಾತಿಲ್ಲ.

ಆಲ್ಬಮ್ಮಿನ ವಿಷಯಕ್ಕೆ ಬನ್ನಿ. ನೀವೆಲ್ಲ 'ಮಾಸ್ಟರ್ ಆಫ್ ಪಪೆಟ್ಸ್'ಗೆ ಕೈ ಎತ್ತುತ್ತೀರಿ. ಅವನೂ ಹಾಗೇ. ನನ್ನದು 1988ರ 'ಅಂಡ್ ಜಸ್ಟಿಸ್ ಫಾರ್ ಆಲ್'. "ಅದರಲ್ಲಿ ಬಾಸ್ ಗಿಟಾರೇ ಕೇಳಿಸಲ್ಲವಲ್ಲೋ!" ಎಂದು ಅವನು ಹಂಗಿಸುತ್ತಿದ್ದ. ನಿಜ. ಬಾಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ ಮಗುಚಿ ಸತ್ತ. ಅವನ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ್ದನ್ನು ಮಿಕ್ಸಿಂಗ್‌ನಲ್ಲಿ ಅಡಗಿಸಿಬಿಟ್ಟರು. ಡ್ರಮ್ಮರ್ ಲಾರ್ಸ್ ಉಲ್ರಿಚ್ ತಗ್ಗಿಸಲು ಹೇಳಿದ ಎಂದು ಮಿಕ್ಸ್ ಮಾಡಿದವರೇ ಆಮೇಲೆ ಹೇಳಿದರು. ಹೆಸರು ನೋಡಿದರೆ ನ್ಯಾಯ, ಮಾಡಿದ್ದು ಇದು!

ನಾಲ್ಕು ಬಣ್ಣದ ಕೆಲಸದಲ್ಲಿ ಕಪ್ಪು ಇಂಕು ಸರಿಯಾಗಿ ಬೀಳದಿದ್ದರೆ ಚಿತ್ರ ಪೇಲವ. ಗಿರಾಕಿ ಮುಖದ ಮೇಲೆ ಎಸೆದು ಹೋಗ್ತಾನೆ. ಹಾಗಾಗಿ ಅವನ ವಾದ ಮುದ್ರಕನಾಗಿ ನನಗೆ ಅರ್ಥವಾಗುತ್ತಿತ್ತು, ಒಪ್ಪುತ್ತಿರಲಿಲ್ಲ ಅಷ್ಟೆ.

ಈಗ ರಾತ್ರಿ ಪಾಳಿಯಲ್ಲಿ ಅದೇ ಆಲ್ಬಮ್ ಹಾಕುತ್ತೇನೆ. ಗಿಟಾರು, ಡ್ರಮ್ಮು ಅಬ್ಬರಿಸುತ್ತವೆ. ನಡುವೆ ಒಬ್ಬನಿಲ್ಲ. ಜಗಳಕ್ಕೆ ಎದುರು ಪಕ್ಷ ಬೇಕು ಕಣ್ರಪ್ಪಾ, ಪಪೆಟ್ಸ್‌ನವರು ಯಾರಾದರೂ ಪ್ರೆಸ್ ಕಡೆ ಬನ್ನಿ. ಚಹಾ ನನ್ನದು.