ಆರೋಗ್ಯದ ಕೊಂಡಿಗಳು

(ಬಾನುಲಿ ಭಾಷಣ)

ಸಾರ್ವಜನಿಕ ಆರೋಗ್ಯವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಆಸ್ಪತ್ರೆಯ ಕಟ್ಟಡ. ಹಾಸಿಗೆಗಳೆಷ್ಟು, ವೈದ್ಯರೆಷ್ಟು ಎಂದು ಎಣಿಸುತ್ತೇವೆ, ಎಣಿಸಬೇಕಾದದ್ದೇ. ಆದರೆ ಒಂದು ಆಸ್ಪತ್ರೆಗೂ ಇನ್ನೊಂದಕ್ಕೂ, ಒಂದು ಇಲಾಖೆಗೂ ಮತ್ತೊಂದಕ್ಕೂ ನಡುವೆ ಇರಬೇಕಾದ ಕೊಂಡಿಯನ್ನು ಎಣಿಸುವವರು ವಿರಳ. ರೋಗಿಯು ಕೈತಪ್ಪಿ ಹೋಗುವುದು ಬಹುಮಟ್ಟಿಗೆ ಅಲ್ಲಿಯೇ.

ನಮ್ಮ ಆರೋಗ್ಯವ್ಯವಸ್ಥೆಯನ್ನು ಮೆಟ್ಟಿಲುಗಳಂತೆ ಕಟ್ಟಬೇಕೆಂದು ಭೋರ್ ಸಮಿತಿಯು 1946ರಲ್ಲಿ ಹೇಳಿತು. ಬಯಲುಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ. ಬಯಲಿನಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದರ ಮೇಲೆ ತಾಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ ಎಂಬ ಏರ್ಪಾಡು ಕ್ರಮೇಣ ರೂಪುಗೊಂಡಿತು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು ಸಾವಿರ ಜನರಿಗೆ ಒಬ್ಬ ಆಶಾ ಕಾರ್ಯಕರ್ತೆಯನ್ನು ಈ ಮೆಟ್ಟಿಲುಗಳ ಬುಡದಲ್ಲಿ ನಿಲ್ಲಿಸಿತು.

ಕಾರವಾರ, ಅಂಕೋಲೆಗಳಲ್ಲಿ ಈ ಮೆಟ್ಟಿಲುಗಳೆಲ್ಲ ಇವೆ. ಆದರೆ ಅವುಗಳ ಒಡೆತನ ಒಂದೇ ಕಡೆ ಇಲ್ಲ. ಪ್ರಾಥಮಿಕ ಕೇಂದ್ರಗಳು ಆರೋಗ್ಯ ಇಲಾಖೆಗೆ ಸೇರಿದವು. ಕಾರವಾರದ ಜಿಲ್ಲಾ ಆಸ್ಪತ್ರೆಯು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಾದ ಮೇಲೆ ವೈದ್ಯಕೀಯ ಶಿಕ್ಷಣ ಇಲಾಖೆಯ ಆಡಳಿತಕ್ಕೆ ಬಂದಿದೆ. ಸೊಳ್ಳೆ ಹುಟ್ಟುವ ಚರಂಡಿ ಕಾರವಾರದಲ್ಲಿ ನಗರಸಭೆಯದು, ಅಂಕೋಲೆಯಲ್ಲಿ ಪುರಸಭೆಯದು. ಹಳ್ಳಿಯ ಕುಡಿಯುವ ನೀರು ಗ್ರಾಮ ಪಂಚಾಯಿತಿಯದು, ಬಾಣಂತಿಯ ಪೌಷ್ಟಿಕ ಆಹಾರ ಅಂಗನವಾಡಿಯದು. ಜ್ವರಕ್ಕೆ ಮಾತ್ರ ಈ ಗಡಿಗಳ ಅರಿವಿಲ್ಲ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ ನಮ್ಮ ಜಿಲ್ಲೆಯ ಸಿದ್ದಾಪುರದ ಕಡೆಯವರಿಗೆ ಹೊಸದಲ್ಲ. ಅದನ್ನು ಹರಡುವುದು ಉಣ್ಣೆ. ಕಾಡಿನಲ್ಲಿ ಸತ್ತುಬಿದ್ದ ಮಂಗನನ್ನು ಮೊದಲು ಕಾಣುವವನು ಸೊಪ್ಪು, ಸೌದೆಗೆ ಹೋದ ರೈತ, ಇಲ್ಲವೆ ಅರಣ್ಯ ಇಲಾಖೆಯ ಕಾವಲುಗಾರ. ಕಳೇಬರವನ್ನು ಪರೀಕ್ಷಿಸಬೇಕಾದವರು ಪಶುವೈದ್ಯರು. ಸುತ್ತಲ ಊರಿನವರಿಗೆ ಎಚ್ಚರಿಕೆ ಹೇಳಿ, ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ತೈಲ ಹಂಚಿ, ಜ್ವರ ಬಂದವರ ರಕ್ತ ತೆಗೆಯಬೇಕಾದವರು ಆರೋಗ್ಯ ಇಲಾಖೆಯವರು. ಈ ಸರಪಳಿಯಲ್ಲಿ ಒಬ್ಬರು ಸುದ್ದಿ ಮುಟ್ಟಿಸಲು ಎರಡು ದಿನ ತಡಮಾಡಿದರೆ ಉಳಿದವರ ಶ್ರಮವೆಲ್ಲ ತಡವಾದಂತೆಯೇ.

ಕೊಂಡಿ ಕಳಚಿದರೆ ಏನಾಗುವುದೆಂಬುದನ್ನು 2024ರ ಮಳೆಗಾಲ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿತು; ಗಂಗಾವಳಿಯ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ಪ್ರಾಣಗಳು ಹೋದವು. ಅಂಕೋಲೆ ಕುಮಟೆಗಳ ನಡುವಿನ ನೇರ ದಾರಿ ಹಲವು ದಿನ ಇಲ್ಲವಾಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಕಷ್ಟದ ರೋಗಿಗಳನ್ನು ಉತ್ತರಕ್ಕೆ ಗೋವೆಗೂ ದಕ್ಷಿಣಕ್ಕೆ ಮಣಿಪಾಲ, ಮಂಗಳೂರುಗಳಿಗೂ ಒಯ್ಯುವ ಜಿಲ್ಲೆ ನಮ್ಮದು. ಇಲ್ಲಿ ರಸ್ತೆಯೂ ಚಿಕಿತ್ಸೆಯ ಒಂದು ಅಂಗ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಆಸ್ಪತ್ರೆ ಬೇಕೆಂಬ ಜಿಲ್ಲೆಯ ಜನರ ಬೇಡಿಕೆ ನ್ಯಾಯವಾದದ್ದು. ಅದು ಕೈಗೂಡುವ ತನಕ ಕಾಯದೆ ಮಾಡಬಹುದಾದ ಕೆಲಸವೂ ಉಂಟು. ಮೇ ತಿಂಗಳಲ್ಲೇ ಪ್ರತಿ ತಾಲೂಕಿನಲ್ಲಿ ಆರೋಗ್ಯ, ಕಂದಾಯ, ಅರಣ್ಯ, ಲೋಕೋಪಯೋಗಿ ಇಲಾಖೆಗಳು ಒಂದೆಡೆ ಕುಳಿತು, ಗುಡ್ಡ ಕುಸಿಯುವ, ಹೊಳೆ ಏರುವ ತಾಣಗಳ ಆಚೆ ಈಚೆ ಇರುವ ತುಂಬುಗರ್ಭಿಣಿಯರ, ರಕ್ತಶುದ್ಧಿಗೆ ವಾರವಾರ ಹೋಗಬೇಕಾದವರ ಪಟ್ಟಿ ಮಾಡಿಕೊಳ್ಳಲಿ. ಯಾರನ್ನು ಯಾವ ದಾರಿಯಿಂದ ಎಲ್ಲಿಗೆ ಸಾಗಿಸುವುದು, ಅದಕ್ಕೆ ಹೊಣೆ ಯಾರು ಎಂಬುದು ಆ ಪಟ್ಟಿಯಲ್ಲಿ ಹೆಸರು ಸಹಿತ ಬರೆದಿರಲಿ. ಆ ಹೆಸರುಗಳು ಆಶಾ ಕಾರ್ಯಕರ್ತೆಗೆ ಈಗಲೇ ಬಾಯಿಪಾಠ. ಆಕೆಯ ಮಾತು ಜಿಲ್ಲಾ ಕಚೇರಿಯ ಮೇಜಿನವರೆಗೆ ಮುಟ್ಟಬೇಕು, ಅಷ್ಟೆ.

ಹೊಣೆ ಎಲ್ಲರದೆಂದರೆ ಕೊನೆಗೆ ಯಾರದೂ ಆಗದು. ಒಬ್ಬರ ಹೆಸರಿಗೆ ಬರೆದ ಹೊಣೆಯನ್ನು ಹತ್ತು ಮಂದಿ ಕೈಜೋಡಿಸಿ ಹೊರಬಹುದು. ಮುಂದಿನ ಮಳೆಗಾಲದೊಳಗೆ ನಮ್ಮ ತಾಲೂಕುಗಳು ಇಷ್ಟನ್ನು ಕಲಿತರೆ ಶಿರೂರಿನ ದುಃಖದಿಂದ ಒಂದು ಪಾಠವನ್ನಾದರೂ ಕಲಿತೆವೆಂದು ಹೇಳಿಕೊಳ್ಳಬಹುದು.