ಸಿಗಡಿ ರೋಗಾಣುಗಳ ಹೊಸ ಪ್ರಭೇದಗಳನ್ನು ಗುರುತಿಸುವ ಬಗೆ
(ಕರಾವಳಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಕೊಳಕ್ಕೆ ಮರಿ ಬಿಟ್ಟು ತಿಂಗಳು ತುಂಬುವಷ್ಟರಲ್ಲಿ ಸಿಗಡಿಗಳು ಸಾಮೂಹಿಕವಾಗಿ ಸತ್ತರೆ ಕೃಷಿಕನ ಬಂಡವಾಳವೆಲ್ಲ ನೀರುಪಾಲಾಗುತ್ತದೆ. 2009ರ ಸುಮಾರಿಗೆ ಚೀನಾದಲ್ಲಿ ಕಾಣಿಸಿಕೊಂಡ ಇಂತಹ ರೋಗವು ವಿಯೆಟ್ನಾಂ, ಮಲೇಷ್ಯಾ, ಥಾಯ್ಲೆಂಡ್‌ಗಳಿಗೆ ಹಬ್ಬಿತು. ಸಿಗಡಿಯ ಜೀರ್ಣಗ್ರಂಥಿ ಬಿಳಿಚಿ ಕುಗ್ಗುವುದು, ಕರುಳು ಬರಿದಾಗುವುದು ಇದರ ಲಕ್ಷಣಗಳು. ಇದಕ್ಕೆ ವಿಬ್ರಿಯೋ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು 2013ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ಅವರ ತಂಡವು ತೋರಿಸಿತು.

ಇಂತಹ ನಿರ್ಣಯಕ್ಕೆ ಒಂದು ಕ್ರಮವಿದೆ. ರೋಗಪೀಡಿತ ಸಿಗಡಿಯಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸಬೇಕು. ಅದನ್ನು ಆರೋಗ್ಯವಂತ ಸಿಗಡಿಗೆ ತಗುಲಿಸಿದಾಗ ಅದೇ ರೋಗ ಬರಬೇಕು. ಅದರಿಂದ ಅದೇ ಬ್ಯಾಕ್ಟೀರಿಯಾ ಮತ್ತೆ ದೊರೆಯಬೇಕು.

ಅದು ಹೊಸ ಪ್ರಭೇದವೇ ಎಂಬುದು ಬೇರೆಯೇ ಪ್ರಶ್ನೆ. ವಿಬ್ರಿಯೋಗಳಲ್ಲಿ ಹಲವು ಪ್ರಭೇದಗಳು ನೋಟಕ್ಕೆ ಒಂದೇ ತೆರನಾಗಿರುತ್ತವೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ರೋಗಪೀಡಿತ ಲಾಬ್‌ಸ್ಟರ್ ಮತ್ತು ಹುಲಿ ಸಿಗಡಿಯಿಂದ ದೊರೆತ ಎರಡು ತಳಿಗಳ ಐದು ವಂಶವಾಹಿಗಳನ್ನು ಹೋಲಿಸಲಾಯಿತು. ಒಟ್ಟು ಡಿಎನ್‌ಎ ಸಾಮ್ಯವು ಅವೆರಡರ ನಡುವೆ ಶೇ. 76ರಷ್ಟಿದ್ದು, ಅತಿ ಸಮೀಪದ ವಿಬ್ರಿಯೋ ಹಾರ್ವೇಯೊಂದಿಗೆ ಶೇ. 55ನ್ನು ಮೀರಲಿಲ್ಲ. ಒಂದೇ ಪ್ರಭೇದವೆನ್ನಲು ಸಾಮಾನ್ಯವಾಗಿ ಶೇ. 70 ಬೇಕು. ಆದ್ದರಿಂದ 2010ರಲ್ಲಿ ವಿಬ್ರಿಯೋ ಓವೆನ್ಸೀ ಎಂಬ ಹೊಸ ಹೆಸರು ಬಂದಿತು.

ಆದರೆ ಹೆಸರೊಂದೇ ಸಾಲದು. ಮೇಲಿನ ರೋಗದ ವಿಷವನ್ನು ತಯಾರಿಸುವ ವಂಶವಾಹಿಗಳು ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರಾಕಾರದ ಡಿಎನ್‌ಎಯಲ್ಲಿರುತ್ತವೆ. ಈ ಉಂಗುರವು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಅದೇ ವಿಷದ ವಂಶವಾಹಿಗಳು ಮುಂದೆ ಓವೆನ್ಸೀಯಲ್ಲಿಯೂ ಕಂಡುಬಂದವು. ಅಂತೆಯೇ ಪ್ಯಾರಾಹೀಮೊಲಿಟಿಕಸ್ ಇದ್ದ ಮಾತ್ರಕ್ಕೆ ಈ ರೋಗವೆನ್ನಲಾಗದು; ಅದರ ಅನೇಕ ತಳಿಗಳಲ್ಲಿ ಈ ವಿಷವೇ ಇಲ್ಲ. ಯಾವ ಪ್ರಭೇದ, ಅದರಲ್ಲಿ ವಿಷದ ವಂಶವಾಹಿ ಇದೆಯೇ ಎಂಬ ಎರಡೂ ಪ್ರಶ್ನೆಗಳಿಗೆ ಪ್ರಯೋಗಾಲಯದಿಂದ ಉತ್ತರ ಬೇಕು.

ಉತ್ತರಕನ್ನಡ, ಉಡುಪಿ ಜಿಲ್ಲೆಗಳ ಅಳಿವೆ ಪ್ರದೇಶಗಳಲ್ಲಿಯೂ ಸಿಗಡಿ ಕೃಷಿಯಿದೆ. ಅಲ್ಲಿನ ಸದಸ್ಯರು ಕೃಷಿಕರಿಗೆ ಮೂರು ವಿಷಯಗಳನ್ನು ಮನವರಿಕೆ ಮಾಡಿಕೊಡುವುದು ಅಗತ್ಯ. ಸತ್ತ ಸಿಗಡಿಯಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಾಗಳು ಬೇಗನೆ ಬೆಳೆದು ನಿಜವಾದ ರೋಗಾಣುವನ್ನು ಮರೆಮಾಡುತ್ತವೆ. ಆದಕಾರಣ ಅಸ್ವಸ್ಥವಾದರೂ ಜೀವಂತವಾಗಿರುವ ಸಿಗಡಿಯನ್ನೇ ಪರೀಕ್ಷೆಗೆ ಕಳುಹಿಸಬೇಕು. ಕಾರಣ ತಿಳಿಯುವ ಮುನ್ನ ಔಷಧ ಸುರಿಯಬಾರದು. ರೋಗ ತಗುಲಿದ ಕೊಳದ ನೀರನ್ನು ಸೋಂಕು ನಿವಾರಿಸದೆ ಹೊಳೆಗೆ ಬಿಡಬಾರದು. ಒಬ್ಬರು ತೂಬು ತೆರೆದರೆ ನೆರೆಯ ಕೊಳಗಳಿಗೂ ಅದೇ ನೀರು ಸೇರುತ್ತದೆ.